ಯಕೃತ್ತಿನ ಕುಪ್ಫರ್ ಕೋಶಗಳು: ಉರಿಯೂತದ ಸಂಕೇತ ಮತ್ತು ಅದರ ಸ್ವಯಂ ನಿಯಂತ್ರಣ

ಯಕೃತ್ತಿನ ಕಾಯಿಲೆಗೆ ಸಂಬಂಧಿಸಿದಂತೆ ಚಿಕಿತ್ಸಾ ನೆರವು, ವೆಚ್ಚ ಮರುಪಾವತಿ ಅಥವಾ ವೈದ್ಯಕೀಯ ಪ್ರಮಾಣಪತ್ರಕ್ಕಾಗಿ ಅರ್ಜಿ ಸಲ್ಲಿಸುವ ಸಾರ್ವಜನಿಕರು ತಮ್ಮ ದಾಖಲೆಗಳಲ್ಲಿ ‘ಹೆಪಟೈಟಿಸ್’, ‘ಫೈಬ್ರೋಸಿಸ್’, ‘ಸಿರೋಸಿಸ್’ ಮುಂತಾದ ಪದಗಳನ್ನು ಕಾಣುತ್ತಾರೆ. ಹೆಪಟೈಟಿಸ್ ಎಂದರೆ ಯಕೃತ್ತಿನ ಉರಿಯೂತ. ಉರಿಯೂತವು ದೀರ್ಘಕಾಲ ಮುಂದುವರಿದಲ್ಲಿ ಉಂಟಾಗುವ ನಾರಿನಂಶವೇ ಫೈಬ್ರೋಸಿಸ್. ಆ ನಾರಿನಂಶವು ಇಡೀ ಅಂಗದ ರಚನೆಯನ್ನು ಕೆಡಿಸಿದ ಹಂತವೇ ಸಿರೋಸಿಸ್. ಈ ಮೂರೂ ಹಂತಗಳ ಹಿನ್ನೆಲೆಯಲ್ಲಿ ಕುಪ್ಫರ್ ಕೋಶ ಎಂಬ ರೋಗನಿರೋಧಕ ಕೋಶದ ಪಾತ್ರವು ಮುಖ್ಯವಾಗಿರುತ್ತದೆ. ಸದರಿ ಕೋಶವು ಉರಿಯೂತದ ಸಂಕೇತವನ್ನು ಹೇಗೆ ಹೊರಡಿಸುತ್ತದೆ ಮತ್ತು ತಾನೇ ಹೊರಡಿಸಿದ ಸಂಕೇತವನ್ನು ತಾನೇ ಹೇಗೆ ಹಿಂಪಡೆಯುತ್ತದೆ ಎಂಬ ಬಗ್ಗೆ ಸಾರ್ವಜನಿಕರ ತಿಳಿವಳಿಕೆಗಾಗಿ ಈ ಲೇಖನದಲ್ಲಿ ವಿವರಿಸಲಾಗಿದೆ.

ಉರಿಯೂತವೆಂದರೆ ಕೇವಲ ಕಾಯಿಲೆ ಎಂಬ ಭಾವನೆ ಸಾಮಾನ್ಯವಾಗಿದೆ. ಇದು ಪೂರ್ಣ ಸತ್ಯವಲ್ಲ. ಉರಿಯೂತವು ದೇಹದ ರಕ್ಷಣಾ ಕ್ರಮವಾಗಿದ್ದು, ಅದು ಸಕಾಲದಲ್ಲಿ ನಿಲ್ಲದೇ ಹೋದಾಗ ಮಾತ್ರ ಕಾಯಿಲೆಯಾಗಿ ಪರಿಣಮಿಸುತ್ತದೆ. ಆದ್ದರಿಂದ ಉರಿಯೂತವು ಹೇಗೆ ಆರಂಭವಾಗುತ್ತದೆ ಎಂಬುದಕ್ಕಿಂತ ಹೇಗೆ ನಿಲ್ಲುತ್ತದೆ ಎಂಬುದೇ ಯಕೃತ್ತಿನ ಮಟ್ಟಿಗೆ ಹೆಚ್ಚು ಮಹತ್ವದ ಪ್ರಶ್ನೆಯಾಗಿರುತ್ತದೆ.

ಕೋಶಗಳ ಸ್ಥಾನ ಮತ್ತು ಕರ್ತವ್ಯ

ವಯಸ್ಕರ ಯಕೃತ್ತು ಸುಮಾರು ಒಂದೂವರೆ ಕಿಲೋ ತೂಕವಿರುತ್ತದೆ. ಪ್ರತಿ ನಿಮಿಷಕ್ಕೆ ಸುಮಾರು ಒಂದೂವರೆ ಲೀಟರ್ ರಕ್ತವು ಅದರ ಮೂಲಕ ಹಾದುಹೋಗುತ್ತದೆ. ಈ ರಕ್ತದ ಸುಮಾರು ಮುಕ್ಕಾಲು ಭಾಗವು ಹೃದಯದಿಂದ ನೇರವಾಗಿ ಬರುವುದಿಲ್ಲ. ಜಠರ, ಕರುಳು, ಗುಲ್ಮ ಮತ್ತು ಮೇದೋಜೀರಕ ಗ್ರಂಥಿಗಳನ್ನು ಸುತ್ತಿ, ಪೋರ್ಟಲ್ ಅಭಿಧಮನಿಯ ಮೂಲಕ ಬರುತ್ತದೆ. ಉಳಿದ ಕಾಲುಭಾಗವು ಯಕೃತ್ತಿನ ಅಪಧಮನಿಯ ಮೂಲಕ ಬರುತ್ತದೆ. ಪೋರ್ಟಲ್ ರಕ್ತದಲ್ಲಿ ಊಟದ ಸತ್ತ್ವ ಮಾತ್ರವಲ್ಲದೆ, ಕರುಳಿನಲ್ಲಿ ವಾಸಿಸುವ ಅಸಂಖ್ಯಾತ ಬ್ಯಾಕ್ಟೀರಿಯಾಗಳ ಚೂರುಗಳೂ ಸ್ವಲ್ಪ ಪ್ರಮಾಣದಲ್ಲಿ ಇರುತ್ತವೆ. ಕೆಲವೊಮ್ಮೆ ಜೀವಂತ ಬ್ಯಾಕ್ಟೀರಿಯಾಗಳೂ ಇರಬಹುದು.

ಯಕೃತ್ತಿನ ಒಳಗೆ ರಕ್ತವು ಸೈನುಸಾಯ್ಡ್ ಎಂಬ ಅತಿ ಕಿರಿದಾದ ನಾಳಗಳಲ್ಲಿ ನಿಧಾನವಾಗಿ ಹರಿಯುತ್ತದೆ. ಕುಪ್ಫರ್ ಕೋಶಗಳು ಈ ನಾಳಗಳ ಒಳಭಿತ್ತಿಗೆ ಅಂಟಿಕೊಂಡು, ತಮ್ಮ ಬಾಹುಗಳನ್ನು ಹರಿಯುವ ರಕ್ತಕ್ಕೆ ಚಾಚಿಕೊಂಡಿರುತ್ತವೆ. ಇವು ಮ್ಯಾಕ್ರೋಫೇಜ್ ಎಂಬ ಭಕ್ಷಕ ಕೋಶಗಳ ವರ್ಗಕ್ಕೆ ಸೇರಿದ್ದು, ದೇಹದ ವಿವಿಧ ಅಂಗಾಂಶಗಳಲ್ಲಿ ನೆಲೆಸಿರುವ ಈ ವರ್ಗದ ಕೋಶಗಳ ಪೈಕಿ ಶೇ. 80ರಿಂದ 90ರಷ್ಟು ಯಕೃತ್ತಿನಲ್ಲಿಯೇ ಇರುವುದಾಗಿ ಲೆಕ್ಕ ಹಾಕಲಾಗಿದೆ. ಬ್ಯಾಕ್ಟೀರಿಯಾ, ಅದರ ಚೂರುಗಳು, ಮುಪ್ಪಾದ ಕೆಂಪು ರಕ್ತಕಣಗಳು, ಸತ್ತ ಕೋಶಗಳ ಅವಶೇಷ ಇವೆಲ್ಲವನ್ನೂ ಹಿಡಿದು ನುಂಗುವುದು ಇವುಗಳ ದೈನಂದಿನ ಕೆಲಸವಾಗಿರುತ್ತದೆ. ಪೋರ್ಟಲ್ ರಕ್ತದಲ್ಲಿದ್ದ ಬ್ಯಾಕ್ಟೀರಿಯಾದ ವಿಷಾಂಶವು ದೇಹದ ಉಳಿದ ರಕ್ತದಲ್ಲಿ ಬಹುಮಟ್ಟಿಗೆ ಕಂಡುಬಾರದಿರುವುದಕ್ಕೆ ಈ ತಪಾಸಣೆಯೇ ಕಾರಣ.

ಇಲ್ಲಿಯೇ ಒಂದು ಕಠಿಣ ಸಮಸ್ಯೆ ಎದುರಾಗುತ್ತದೆ. ದೇಹದ ಬೇರೆ ಭಾಗದಲ್ಲಿ ಭಕ್ಷಕ ಕೋಶವೊಂದಕ್ಕೆ ಬ್ಯಾಕ್ಟೀರಿಯಾದ ಚೂರು ಎದುರಾದರೆ ಅದು ಅಪಾಯದ ಖಚಿತ ಸೂಚನೆಯಾಗಿದ್ದು, ಕೋಶವು ತಕ್ಷಣವೇ ಉರಿಯೂತದ ಕರೆ ನೀಡುತ್ತದೆ. ಯಕೃತ್ತಿನಲ್ಲಿ ಅಂಥ ಚೂರುಗಳು ದಿನದ 24 ಗಂಟೆಯೂ, ಪ್ರತಿ ಊಟದ ನಂತರವೂ ಬರುತ್ತಲೇ ಇರುತ್ತವೆ. ಪ್ರತಿಯೊಂದಕ್ಕೂ ಕರೆ ನೀಡುತ್ತಾ ಹೋದಲ್ಲಿ ಯಕೃತ್ತು ಕೆಲವೇ ದಿನಗಳಲ್ಲಿ ನಾಶವಾಗಬೇಕಾಗುತ್ತದೆ. ಯಾವುದಕ್ಕೂ ಕರೆ ನೀಡದೆ ಸುಮ್ಮನಿದ್ದಲ್ಲಿ ಮೊದಲ ನಿಜವಾದ ಸೋಂಕಿಗೇ ದೇಹವು ಬಲಿಯಾಗಬೇಕಾಗುತ್ತದೆ.

ಶೋಧನೆಯ ಹಿನ್ನೆಲೆ

ಜರ್ಮನಿಯ ಅಂಗರಚನಾಶಾಸ್ತ್ರಜ್ಞ ಕಾರ್ಲ್ ವಿಲ್ಹೆಲ್ಮ್ ಫಾನ್ ಕುಪ್ಫರ್ ಅವರು 1876ರಲ್ಲಿ ಯಕೃತ್ತಿನ ನರಗಳನ್ನು ಹುಡುಕುತ್ತಾ, ಚಿನ್ನದ ಕ್ಲೋರೈಡ್ ಬಳಸಿ ತೆಳು ತುಣುಕುಗಳಿಗೆ ಬಣ್ಣ ಕೊಟ್ಟಾಗ ನಕ್ಷತ್ರಾಕಾರದ ಕೋಶಗಳನ್ನು ಕಂಡರು. ನಂತರ 1898ರ ಸುಮಾರಿಗೆ ಪೋಲೆಂಡಿನ ತದೇಊಷ್ ಬ್ರೊವಿಚ್ ಅವರು ನಾಳದೊಳಗಿನ ಭಕ್ಷಕ ಕೋಶಗಳನ್ನು ಸರಿಯಾಗಿ ಗುರುತಿಸಿದರು. ಜಪಾನಿನ ಕೆಂಜಿರೊ ವಾಕೆ ಅವರು 1971ರಲ್ಲಿ ತೋರಿಸಿದಂತೆ, ಕುಪ್ಫರ್ ಅವರು ಚಿನ್ನದ ಬಣ್ಣದಲ್ಲಿ ಮೊದಲು ಕಂಡದ್ದು ಭಕ್ಷಕ ಕೋಶಗಳನ್ನಲ್ಲ, ‘ಎ’ ಜೀವಸತ್ತ್ವವನ್ನು ಸಂಗ್ರಹಿಸುವ ಪಕ್ಕದ ನಕ್ಷತ್ರ ಕೋಶಗಳನ್ನು. ಅಷ್ಟರಲ್ಲಿ ಹೆಸರು ದಾಖಲೆಗಳಲ್ಲಿ ನೆಲೆಯೂರಿದ್ದರಿಂದ ಭಕ್ಷಕ ಕೋಶಗಳಿಗೇ ಕುಪ್ಫರ್ ಹೆಸರು ಉಳಿದುಕೊಂಡಿತು. ಈ ಎರಡೂ ಬಗೆಯ ಕೋಶಗಳ ನಡುವಿನ ಸಂಬಂಧವು ಮುಂದೆ ಫೈಬ್ರೋಸಿಸ್ ವಿಷಯದಲ್ಲಿ ಮತ್ತೆ ಬರುತ್ತದೆ.

ಸಂಕೇತವು ಹೊರಡುವ ಬಗೆ

ಕೆಲವು ವರ್ಗದ ಬ್ಯಾಕ್ಟೀರಿಯಾಗಳ ಹೊರಕವಚದಲ್ಲಿರುವ ವಿಷಾಂಶಕ್ಕೆ ಎಂಡೋಟಾಕ್ಸಿನ್ ಎಂದು ಹೆಸರು. ರಕ್ತದಲ್ಲಿನ ವಾಹಕ ಪ್ರೋಟೀನೊಂದು ಇದನ್ನು ಹೊತ್ತು ತಂದು, ಕೋಶದ ಹೊರಮೈಯಲ್ಲಿರುವ ಸಿ.ಡಿ.14 ಎಂಬ ಪ್ರೋಟೀನಿಗೆ ಒಪ್ಪಿಸುತ್ತದೆ. ಅಲ್ಲಿಂದ ಅದು ಟಿ.ಎಲ್.ಆರ್.4 ಎಂಬ ಗ್ರಾಹಕವನ್ನು ತಲುಪುತ್ತದೆ. ನೊಣಗಳಲ್ಲಿ ಟೋಲ್ ಎಂಬ ಇಂಥದೇ ಗ್ರಾಹಕದ ರಕ್ಷಣಾ ಪಾತ್ರವನ್ನು 1996ರಲ್ಲಿ ಜೂಲ್ಸ್ ಹಾಫ್‌ಮನ್ ಅವರ ತಂಡವೂ, ಸುಂಡಿಲಿಗಳಲ್ಲಿ ಎಂಡೋಟಾಕ್ಸಿನ್ ಗ್ರಾಹಕವು ಟಿ.ಎಲ್.ಆರ್.4 ಎಂಬುದನ್ನು 1998ರಲ್ಲಿ ಬ್ರೂಸ್ ಬ್ಯೂಟ್ಲರ್ ಅವರ ತಂಡವೂ ತೋರಿಸಿದವು. ಈ ಇಬ್ಬರಿಗೂ 2011ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ದೊರೆಯಿತು.

ಗ್ರಾಹಕದ ಒಳತುದಿಗೆ ಒಂದರ ನಂತರ ಒಂದರಂತೆ ಹಲವು ಪ್ರೋಟೀನುಗಳು ಬಂದು ಸೇರಿ, ಸಂಕೇತವನ್ನು ಒಳಗೆ ಸಾಗಿಸುತ್ತವೆ. ಕಚೇರಿಯಲ್ಲಿ ಕಡತವೊಂದು ಮೇಜಿನಿಂದ ಮೇಜಿಗೆ ಸಾಗುವಂತೆಯೇ ಇದು ನಡೆಯುತ್ತದೆ, ಆದರೆ ಇಲ್ಲಿ ಎಲ್ಲವೂ ನಿಮಿಷಗಳಲ್ಲಿ ಮುಗಿಯುತ್ತದೆ. ಕೊನೆಯ ಹಂತದಲ್ಲಿ ಎನ್.ಎಫ್. ಕಪ್ಪಾ-ಬಿ ಎಂಬ ಪ್ರೋಟೀನು ಇರುತ್ತದೆ. ಇದನ್ನು 1986ರಲ್ಲಿ ರಂಜನ್ ಸೇನ್ ಮತ್ತು ಡೇವಿಡ್ ಬಾಲ್ಟಿಮೋರ್ ಅವರು ಮೊದಲು ವರದಿ ಮಾಡಿದರು. ಸಾಮಾನ್ಯ ಸ್ಥಿತಿಯಲ್ಲಿ ಇದು ಕೋಶಕೇಂದ್ರದ ಹೊರಗೆ, ಐ-ಕಪ್ಪಾ-ಬಿ ಎಂಬ ಕಾವಲು ಪ್ರೋಟೀನಿನ ಹಿಡಿತದಲ್ಲಿ ಇರುತ್ತದೆ. ಸಂಕೇತ ಬಂದೊಡನೆ ಕಾವಲು ಪ್ರೋಟೀನು ನಾಶಗೊಳ್ಳುತ್ತದೆ; ಬಿಡುಗಡೆಯಾದ ಎನ್.ಎಫ್. ಕಪ್ಪಾ-ಬಿ ಕೋಶಕೇಂದ್ರವನ್ನು ಪ್ರವೇಶಿಸಿ ನೂರಾರು ವಂಶವಾಹಿಗಳನ್ನು ಚಾಲನೆಗೊಳಿಸುತ್ತದೆ. ಟಿ.ಎನ್.ಎಫ್., ಇಂಟರ್‌ಲ್ಯೂಕಿನ್-1 ಮತ್ತು ಇಂಟರ್‌ಲ್ಯೂಕಿನ್-6 ಎಂಬ ಉರಿಯೂತದ ಸಂದೇಶವಾಹಕಗಳು ತಯಾರಾಗಿ ಹೊರಬರುತ್ತವೆ. ಜ್ವರ, ಬಿಳಿ ರಕ್ತಕಣಗಳ ಧಾವನೆ, ಊತ ಇವೆಲ್ಲವೂ ಈ ಸಂದೇಶಗಳ ಫಲ.

ಸಂಕೇತವನ್ನು ಹಿಂಪಡೆಯುವ ಬಗೆ

ಈ ಭಾಗವನ್ನು ಸ್ವಲ್ಪ ವಿಸ್ತಾರವಾಗಿ ನೀಡಲಾಗಿದೆ. ಏಕೆಂದರೆ ಯಕೃತ್ತಿನ ಆರೋಗ್ಯವು ಹೆಚ್ಚಾಗಿ ಇದನ್ನೇ ಅವಲಂಬಿಸಿರುತ್ತದೆ.

ಮೊದಲನೆಯ ತಡೆಯು ಆಜ್ಞೆಯ ಒಳಗೇ ಅಡಗಿರುತ್ತದೆ. ಎನ್.ಎಫ್. ಕಪ್ಪಾ-ಬಿ ಚಾಲನೆಗೊಳಿಸುವ ವಂಶವಾಹಿಗಳ ಪೈಕಿ ಅದರ ಕಾವಲು ಪ್ರೋಟೀನಾದ ಐ-ಕಪ್ಪಾ-ಬಿಯ ವಂಶವಾಹಿಯೂ ಒಂದಾಗಿರುತ್ತದೆ. ಅಂದರೆ ಬಿಡುಗಡೆಯಾದ ಕೂಡಲೇ ಅದು ತನ್ನನ್ನು ಮತ್ತೆ ಬಂಧಿಸುವವರನ್ನು ತಾನೇ ನೇಮಿಸಿಕೊಳ್ಳುತ್ತದೆ. ಹೊಸದಾಗಿ ತಯಾರಾದ ಕಾವಲು ಪ್ರೋಟೀನು ಕೋಶಕೇಂದ್ರದೊಳಗೆ ಹೋಗಿ, ಎನ್.ಎಫ್. ಕಪ್ಪಾ-ಬಿಯನ್ನು ಹಿಡಿದು ಹೊರಗೆ ತರುತ್ತದೆ. ಈ ವಿಷಯವು 1993ರಲ್ಲಿ ತಿಳಿದುಬಂದಿತು. ಪ್ರಚೋದನೆಯು ಮುಂದುವರಿದಲ್ಲಿ ಬಿಡುಗಡೆ ಮತ್ತು ಬಂಧನಗಳು ಅಲೆಗಳಂತೆ ಪುನರಾವರ್ತನೆಯಾಗುತ್ತವೆ. 2004ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ ಜೀವಂತ ಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ವೀಕ್ಷಿಸಿದಾಗ ಸುಮಾರು 100 ನಿಮಿಷಗಳಿಗೊಂದು ಅಲೆ ಕಂಡುಬಂದಿತು. ಮಂಜೂರಾತಿ ಆದೇಶದಲ್ಲಿಯೇ ಅವಧಿ ಮುಗಿಯುವ ದಿನಾಂಕವನ್ನು ನಮೂದಿಸುವ ಪದ್ಧತಿಯನ್ನು ಬಲ್ಲವರಿಗೆ ಈ ವ್ಯವಸ್ಥೆಯು ಅಪರಿಚಿತವೆನಿಸದು.

ಎರಡನೆಯದು ಎ-20 ಎಂಬ ಪ್ರೋಟೀನು. ಇದೂ ಎನ್.ಎಫ್. ಕಪ್ಪಾ-ಬಿಯ ಆಜ್ಞೆಯಿಂದಲೇ ತಯಾರಾಗುತ್ತದೆ. ಸಂಕೇತ ಸಾಗುವಾಗ ಮಾರ್ಗದ ಪ್ರೋಟೀನುಗಳಿಗೆ ಯುಬಿಕ್ವಿಟಿನ್ ಎಂಬ ಸಣ್ಣ ಕೊಂಡಿಗಳ ಸರಪಳಿಯನ್ನು ಅಂಟಿಸಲಾಗುತ್ತದೆ. ಆ ಸರಪಳಿ ಇರುವವರೆಗೂ ಸಂಕೇತ ಜೀವಂತವಾಗಿರುತ್ತದೆ. ಎ-20 ಆ ಸರಪಳಿಯನ್ನು ಕತ್ತರಿಸಿ, ಅದರ ಬದಲಿಗೆ ‘ನಾಶಪಡಿಸಿ’ ಎಂದು ಸೂಚಿಸುವ ಬೇರೊಂದು ಬಗೆಯ ಸರಪಳಿಯನ್ನು ಅಂಟಿಸುತ್ತದೆ. ಎ-20 ಇಲ್ಲದಂತೆ ಹುಟ್ಟಿಸಿದ ಸುಂಡಿಲಿಗಳ ಬಗ್ಗೆ 2000ದಲ್ಲಿ ವರದಿ ಪ್ರಕಟವಾಯಿತು. ಯಕೃತ್ತೂ ಸೇರಿದಂತೆ ಹಲವು ಅಂಗಗಳ ತೀವ್ರ ಉರಿಯೂತದಿಂದ ಅವು ಅಕಾಲದಲ್ಲಿ ಸತ್ತವು. ಟಿ.ಎನ್.ಎಫ್. ಸಂಕೇತವನ್ನು ಆರಂಭಿಸಲು ಅವುಗಳಿಗೆ ಯಾವ ತೊಂದರೆಯೂ ಇರಲಿಲ್ಲ. ನಿಲ್ಲಿಸಲು ಮಾತ್ರ ಸಾಧ್ಯವಾಗಲಿಲ್ಲ ಎಂಬುದು ಗಮನಾರ್ಹ.

ಇನ್ನು ಇರಾಕ್-ಎಂ ಎಂಬ ಪ್ರೋಟೀನು ಮುಖ್ಯವಾಗಿ ಭಕ್ಷಕ ಕೋಶಗಳಲ್ಲಿಯೇ ಕಂಡುಬರುತ್ತದೆ. ಇದು ಗ್ರಾಹಕದ ಬಳಿಯೇ ಕುಳಿತು, ಸಂಕೇತವನ್ನು ಮುಂದಕ್ಕೆ ಒಯ್ಯಬೇಕಾದ ಇರಾಕ್ ಪ್ರೋಟೀನುಗಳು ಹೊರಡದಂತೆ ತಡೆಯುತ್ತದೆ. ಇದರ ಕಾರ್ಯವು 2002ರಲ್ಲಿ ತಿಳಿದುಬಂದಿತು. ಮೈಕ್ರೋ ಆರ್.ಎನ್.ಎ.-146 ಎಂಬ ಕಿರು ತುಣುಕು ಅದೇ ಮಾರ್ಗದ ಎರಡು ಪ್ರೋಟೀನುಗಳ ತಯಾರಿಕೆಯನ್ನೇ ಕಡಿಮೆ ಮಾಡುತ್ತದೆ ಎಂಬುದನ್ನು 2006ರಲ್ಲಿ ಬಾಲ್ಟಿಮೋರ್ ಅವರ ಪ್ರಯೋಗಾಲಯವು ವರದಿ ಮಾಡಿತು. ಸಾಕ್ಸ್-1 ಎಂಬ ಮತ್ತೊಂದು ಪ್ರೋಟೀನು ಇಂಟರ್‌ಫೆರಾನ್ ಮುಂತಾದ ಸಂದೇಶಗಳಿಗೆ ಕೋಶವು ಅತಿಯಾಗಿ ಸ್ಪಂದಿಸದಂತೆ ನೋಡಿಕೊಳ್ಳುತ್ತದೆ. ಇದಿಲ್ಲದ ಸುಂಡಿಲಿ ಮರಿಗಳು ಮೂರು ವಾರ ತುಂಬುವುದರೊಳಗೆ ಯಕೃತ್ತಿನ ಹಾನಿಯಿಂದ ಸಾಯುತ್ತವೆ.

ಮೇಲ್ಕಂಡ ತಡೆಗಳೆಲ್ಲವೂ ಕೋಶದ ಒಳಗಿನವು. ಹೊರಗಿನ ತಡೆಗಳಲ್ಲಿ ಇಂಟರ್‌ಲ್ಯೂಕಿನ್-10 ಪ್ರಮುಖವಾಗಿದೆ. ಮಾನವ ಮಾನೊಸೈಟ್ ಕೋಶಗಳು ಎಂಡೋಟಾಕ್ಸಿನ್‌ಗೆ ಸ್ಪಂದಿಸಿ ಮೊದಲು ಟಿ.ಎನ್.ಎಫ್. ಮುಂತಾದ ಉರಿಯೂತದ ಸಂದೇಶಗಳನ್ನೂ, ಕೆಲವು ಗಂಟೆಗಳ ನಂತರ ಇಂಟರ್‌ಲ್ಯೂಕಿನ್-10ನ್ನೂ ಹೊರಬಿಡುತ್ತವೆ ಮತ್ತು ಈ ಎರಡನೆಯದು ಮೊದಲಿನವುಗಳ ತಯಾರಿಕೆಯನ್ನು ತಗ್ಗಿಸುತ್ತದೆ ಎಂಬುದು 1991ರಲ್ಲಿ ದಾಖಲಾಯಿತು. ಮಾನವ ಯಕೃತ್ತಿನಿಂದ ಬೇರ್ಪಡಿಸಿದ ಕುಪ್ಫರ್ ಕೋಶಗಳೂ ಎಂಡೋಟಾಕ್ಸಿನ್ ತಗುಲಿದಾಗ ಇಂಟರ್‌ಲ್ಯೂಕಿನ್-10 ಹೊರಬಿಡುತ್ತವೆ ಎಂಬುದನ್ನು 1995ರಲ್ಲಿ ಜರ್ಮನಿಯ ಪರ್ಸಿ ಕ್ನೋಲೆ ಮತ್ತು ಸಂಗಡಿಗರು ತೋರಿಸಿದರು. ಈ ಸಂದೇಶವು ಹೊರಬಿಟ್ಟ ಕೋಶದ ಮೇಲೆಯೂ ಅಕ್ಕಪಕ್ಕದ ಕೋಶಗಳ ಮೇಲೆಯೂ ಪರಿಣಾಮ ಬೀರುತ್ತದೆ. ಶಮನಕಾರಿ ಸ್ಥಿತಿಯಲ್ಲಿರುವ ಕುಪ್ಫರ್ ಕೋಶಗಳು ಉಗ್ರ ಸ್ಥಿತಿಯಲ್ಲಿರುವ ಕುಪ್ಫರ್ ಕೋಶಗಳನ್ನು ಸಾವಿಗೆ ದೂಡುತ್ತವೆ ಎಂದು ಫ್ರಾನ್ಸಿನ ತಂಡವೊಂದು 2014ರಲ್ಲಿ ವರದಿ ಮಾಡಿದೆ. ಹೀಗೆ ಒಂದೇ ಜಾತಿಯ ಕೋಶಗಳು ಪರಸ್ಪರರ ಮೇಲೂ ನಿಗಾ ವಹಿಸುತ್ತವೆ.

ಇಷ್ಟೊಂದು ತಡೆಗಳು ಏಕೆ ಎಂಬ ಪ್ರಶ್ನೆ ಸಹಜ. ಪ್ರತಿಯೊಂದೂ ಬೇರೆ ಬೇರೆ ಸಮಯಕ್ಕೆ ಮತ್ತು ಬೇರೆ ಬೇರೆ ಹಂತದಲ್ಲಿ ಕೆಲಸ ಮಾಡುತ್ತದೆ. ಐ-ಕಪ್ಪಾ-ಬಿ ಒಂದು ಗಂಟೆಯೊಳಗೆ, ಇಂಟರ್‌ಲ್ಯೂಕಿನ್-10 ಗಂಟೆಗಳ ನಂತರ, ಕೆಳಗೆ ವಿವರಿಸಿರುವ ಸಹಿಷ್ಣುತೆಯು ದಿನಗಳ ಮಟ್ಟದಲ್ಲಿ ಕಾರ್ಯನಿರತವಾಗುತ್ತವೆ. ಸುಂಡಿಲಿಗಳ ಮೇಲಿನ ಮೇಲ್ಕಂಡ ಪ್ರಯೋಗಗಳಲ್ಲಿ ಇಡೀ ಪ್ರಾಣಿಯಲ್ಲಿಯೇ ಆಯಾ ವಂಶವಾಹಿಯನ್ನು ತೆಗೆಯಲಾಗಿತ್ತೇ ಹೊರತು ಕುಪ್ಫರ್ ಕೋಶದಲ್ಲಿ ಮಾತ್ರವಲ್ಲ ಎಂಬುದನ್ನೂ ಓದುಗರು ಗಮನದಲ್ಲಿಡತಕ್ಕದ್ದು.

ಸಹಿಷ್ಣುತೆ

ಅಮೆರಿಕದ ವೈದ್ಯ ಪಾಲ್ ಬೀಸನ್ ಅವರು 1947ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇಂದಿಗೂ ಉಲ್ಲೇಖನೀಯವಾಗಿದೆ. ಮೊಲಗಳಿಗೆ ಟೈಫಾಯ್ಡ್ ಲಸಿಕೆಯನ್ನು ದಿನದಿನವೂ ಚುಚ್ಚಿದಾಗ ಮೊದಲ ದಿನ ತೀವ್ರ ಜ್ವರ ಬಂದು, ದಿನಗಳು ಕಳೆದಂತೆ ಅದೇ ಪ್ರಮಾಣಕ್ಕೆ ಜ್ವರವು ಕಡಿಮೆಯಾಗುತ್ತಾ ಹೋಯಿತು. ನಂತರ ಯಕೃತ್ತು ಮತ್ತು ಗುಲ್ಮದ ಭಕ್ಷಕ ಕೋಶಗಳನ್ನು ಥೋರೊಟ್ರಾಸ್ಟ್ ಎಂಬ ವಸ್ತುವಿನ ಕಣಗಳಿಂದ ತುಂಬಿ ನಿಷ್ಕ್ರಿಯಗೊಳಿಸಿದಾಗ ಈ ಸಹಿಷ್ಣುತೆಯು ಮಾಯವಾಗಿ ಜ್ವರವು ಮರಳಿತು. ಅಂದರೆ ದೇಹವು ವಿಷಾಂಶವನ್ನು ತಾಳಿಕೊಳ್ಳುವ ಶಕ್ತಿಯು ಈ ಕೋಶಗಳನ್ನು ಅವಲಂಬಿಸಿತ್ತು.

ಒಮ್ಮೆ ಎಂಡೋಟಾಕ್ಸಿನ್ ಕಂಡ ಭಕ್ಷಕ ಕೋಶವು ಎರಡನೆಯ ಬಾರಿ ಅಷ್ಟೇ ತೀವ್ರವಾಗಿ ಸ್ಪಂದಿಸುವುದಿಲ್ಲ. ಆದರೆ ಇದನ್ನು ದಣಿವು ಎಂದು ಭಾವಿಸುವುದು ತಪ್ಪಾಗುತ್ತದೆ. ರುಸ್ಲಾನ್ ಮೆಡ್ಜಿಟೋವ್ ಅವರ ತಂಡವು 2007ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಇಂಥ ಕೋಶದಲ್ಲಿ ಉರಿಯೂತವನ್ನು ಉಂಟುಮಾಡುವ ವಂಶವಾಹಿಗಳಿಗೆ ಬೀಗ ಬಿದ್ದಿರುತ್ತದೆ. ಬ್ಯಾಕ್ಟೀರಿಯಾಗಳನ್ನು ನೇರವಾಗಿ ಕೊಲ್ಲುವ ವಸ್ತುಗಳ ವಂಶವಾಹಿಗಳು ಮಾತ್ರ ಮೊದಲಿಗಿಂತಲೂ ಸನ್ನದ್ಧವಾಗಿರುತ್ತವೆ. ಕೂಗಾಟ ನಿಂತು ಕೆಲಸ ಮುಂದುವರಿಯುತ್ತದೆ. ಪೋರ್ಟಲ್ ರಕ್ತದಲ್ಲಿ ಸದಾ ಮುಳುಗಿರುವ ಕುಪ್ಫರ್ ಕೋಶಕ್ಕೆ ಇದಕ್ಕಿಂತ ಸೂಕ್ತವಾದ ಸ್ಥಿತಿ ಬೇರೊಂದಿಲ್ಲ. ಇದರ ಜೊತೆಗೆ ಆರೋಗ್ಯವಂತ ಯಕೃತ್ತಿನ ಕುಪ್ಫರ್ ಕೋಶಗಳ ಹೊರಮೈಯಲ್ಲಿ ಸಿ.ಡಿ.14 ಪ್ರಮಾಣವೂ ಕಡಿಮೆ ಇರುತ್ತದೆ. ಹೀಗಾಗಿ ಸಣ್ಣಪುಟ್ಟ ಪ್ರಮಾಣದ ವಿಷಾಂಶವು ಸಂಕೇತವನ್ನೇ ಉಂಟುಮಾಡದೆ ನುಂಗಲ್ಪಡುತ್ತದೆ.

ಮದ್ಯಪಾನದಿಂದ ಆಗುವ ವ್ಯತ್ಯಯ

ಮದ್ಯವು ಯಕೃತ್ತಿನ ಮುಖ್ಯ ಕೋಶಗಳಿಗೆ ನೇರವಾಗಿ ಹಾನಿ ಮಾಡುತ್ತದೆ ಎಂಬುದು ಎಲ್ಲರಿಗೂ ತಿಳಿದ ವಿಷಯ. ಇದರೊಂದಿಗೆ ಮತ್ತೊಂದು ಮಾರ್ಗವೂ ಇದೆ. ಸತತ ಮದ್ಯಪಾನದಿಂದ ಕರುಳಿನ ಭಿತ್ತಿಯು ಸಡಿಲಗೊಂಡು, ಹೆಚ್ಚಿನ ಎಂಡೋಟಾಕ್ಸಿನ್ ಪೋರ್ಟಲ್ ರಕ್ತವನ್ನು ಸೇರುತ್ತದೆ. ಇದೇ ಸಮಯದಲ್ಲಿ ತಡೆಗಳೂ ದುರ್ಬಲವಾಗುತ್ತವೆ. ಮಾನವ ಮಾನೊಸೈಟ್‌ಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅಲ್ಪಾವಧಿಯ ಮದ್ಯದ ಸಂಪರ್ಕವು ಇರಾಕ್-ಎಂ ಪ್ರಮಾಣವನ್ನು ಹೆಚ್ಚಿಸಿ ಟಿ.ಎನ್.ಎಫ್. ತಗ್ಗಿಸಿದರೆ, ದೀರ್ಘಾವಧಿಯ ಸಂಪರ್ಕವು ಇರಾಕ್-ಎಂ ಪ್ರಮಾಣವನ್ನು ಕುಗ್ಗಿಸಿ ಟಿ.ಎನ್.ಎಫ್. ಹೆಚ್ಚಿಸಿದ್ದು ಕಂಡುಬಂದಿರುತ್ತದೆ. ‘ಇಷ್ಟು ವರ್ಷ ಕುಡಿದರೂ ಏನೂ ಆಗಿಲ್ಲ’ ಎಂಬ ಮಾತಿಗೆ ಇದರಲ್ಲಿ ಉತ್ತರವಿದೆ. ಮೊದಲು ರಕ್ಷಿಸಿದ ತಡೆಯೇ ನಂತರದಲ್ಲಿ ಇಲ್ಲವಾಗುತ್ತದೆ.

ಕುಪ್ಫರ್ ಕೋಶಗಳ ಪಾತ್ರವು ಎಷ್ಟು ನಿರ್ಣಾಯಕವಾದುದು ಎಂಬುದಕ್ಕೆ 1994ರ ಪ್ರಯೋಗವೊಂದು ಸಾಕ್ಷಿ. ಗ್ಯಾಡೊಲಿನಿಯಂ ಕ್ಲೋರೈಡ್ ಎಂಬ ರಾಸಾಯನಿಕದಿಂದ ಈ ಕೋಶಗಳನ್ನು ನಿಷ್ಕ್ರಿಯಗೊಳಿಸಿದ ಇಲಿಗಳಿಗೆ ಮದ್ಯ ನೀಡಿದಾಗ ಆರಂಭಿಕ ಯಕೃತ್ತಿನ ಹಾನಿಯು ಬಹುಮಟ್ಟಿಗೆ ತಪ್ಪಿತು. ಮರುವರ್ಷ, ಕರುಳಿನ ಬ್ಯಾಕ್ಟೀರಿಯಾಗಳನ್ನು ಪ್ರತಿಜೈವಿಕ ಔಷಧಗಳಿಂದ ತಗ್ಗಿಸಿದಾಗಲೂ ಇಂಥದೇ ಫಲಿತಾಂಶ ವರದಿಯಾಯಿತು.

ಮದ್ಯ ತ್ಯಜಿಸಿದಲ್ಲಿ ಈ ಹೊರೆಯು ಇಳಿಯುತ್ತದೆ. ಬೆಲ್ಜಿಯಂ ದೇಶದಲ್ಲಿ ಮದ್ಯವ್ಯಸನಿಗಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸುಮಾರು ಮೂರು ವಾರಗಳ ಮದ್ಯವರ್ಜನದ ನಂತರ ಕರುಳಿನ ಸೋರಿಕೆಯು ಕಡಿಮೆಯಾದದ್ದು ಕಂಡುಬಂದಿದೆ. ಈಗಾಗಲೇ ಸಿರೋಸಿಸ್ ಆಗಿರುವವರ ವಿಷಯವು ಇದಕ್ಕಿಂತ ಭಿನ್ನವಾಗಿದ್ದು, ಅಂಥವರಲ್ಲಿಯೂ ಮದ್ಯವರ್ಜನವೇ ಚಿಕಿತ್ಸೆಯ ಮೊದಲ ಹೆಜ್ಜೆಯಾಗಿರುತ್ತದೆ.

ಬೊಜ್ಜು ಮತ್ತು ಸಕ್ಕರೆ ಕಾಯಿಲೆಯೊಂದಿಗೆ ಬರುವ ಕೊಬ್ಬಿನ ಯಕೃತ್ತಿನಲ್ಲಿಯೂ ಬಹುಮಟ್ಟಿಗೆ ಹೋಲುವ ವ್ಯತ್ಯಯವನ್ನು ಕಾಣಬಹುದಾಗಿದೆ. ಸುಂಡಿಲಿಗಳಲ್ಲಿ ಕುಪ್ಫರ್ ಕೋಶಗಳು ಭ್ರೂಣಾವಸ್ಥೆಯಲ್ಲಿಯೇ ನೆಲೆಸಿ ತಮ್ಮನ್ನು ತಾವೇ ನವೀಕರಿಸಿಕೊಳ್ಳುತ್ತಾ ಬರುತ್ತವೆ. ಕೊಬ್ಬಿನ ಯಕೃತ್ತಿನ ಉರಿಯೂತದಲ್ಲಿ ಈ ಹಳೆಯ ಕೋಶಗಳು ಸಾಯುತ್ತಾ, ರಕ್ತದಿಂದ ಬಂದ ಹೊಸ ಕೋಶಗಳು ಅವುಗಳ ಜಾಗವನ್ನು ತುಂಬುತ್ತವೆ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನಗಳು ತಿಳಿಸಿವೆ. ಹೊಸದಾಗಿ ಬಂದವು ಹಳೆಯವುಗಳಷ್ಟು ಸಂಯಮವುಳ್ಳವಾಗಿರುವುದಿಲ್ಲ.

ಸಂಕೇತವನ್ನು ಔಷಧದಿಂದ ನಿಲ್ಲಿಸುವ ಪ್ರಯತ್ನ

ಟಿ.ಎನ್.ಎಫ್. ಎಂಬುದೇ ಹಾನಿಗೆ ಕಾರಣವಾದಲ್ಲಿ ಅದನ್ನೇ ಔಷಧದಿಂದ ತಡೆಯಬಾರದೇಕೆ ಎಂಬ ವಿಚಾರವು ತರ್ಕಬದ್ಧವಾಗಿಯೇ ಇದೆ. ಸಂಧಿವಾತದಲ್ಲಿ ಇಂಥ ಔಷಧಗಳು ಯಶಸ್ವಿಯಾಗಿವೆ. ಮದ್ಯಜನ್ಯ ತೀವ್ರ ಹೆಪಟೈಟಿಸ್ ರೋಗಿಗಳಲ್ಲಿಯೂ ಇದನ್ನು ಪರೀಕ್ಷಿಸಲಾಯಿತು. ಫ್ರಾನ್ಸಿನಲ್ಲಿ 36 ರೋಗಿಗಳ ಮೇಲೆ ಇನ್‌ಫ್ಲಿಕ್ಸಿಮ್ಯಾಬ್ ಔಷಧದ ಪರೀಕ್ಷೆಯನ್ನು ನಡೆಸಿ, ಔಷಧ ಪಡೆದವರಲ್ಲಿ ತೀವ್ರ ಸೋಂಕುಗಳು ಹೆಚ್ಚಾಗಿ, ಸಾವುಗಳೂ ಹೆಚ್ಚು ಕಂಡುಬಂದುದರಿಂದ ಅದನ್ನು ಮಧ್ಯದಲ್ಲಿಯೇ ನಿಲ್ಲಿಸಲಾಯಿತು; ವರದಿಯು 2004ರಲ್ಲಿ ಪ್ರಕಟವಾಯಿತು. ಅಮೆರಿಕದಲ್ಲಿ 48 ರೋಗಿಗಳ ಮೇಲೆ ಎಟನರ್ಸೆಪ್ಟ್ ಎಂಬ ಔಷಧದೊಂದಿಗೆ ನಡೆದ ಪರೀಕ್ಷೆಯ ವರದಿಯು 2008ರಲ್ಲಿ ಬಂದಿತು. ಆರು ತಿಂಗಳ ಅವಧಿಯಲ್ಲಿ ಔಷಧ ಪಡೆದವರ ಪೈಕಿ ಶೇ. 57.7 ಮಂದಿಯೂ, ಹುಸಿ ಔಷಧ ಪಡೆದವರ ಪೈಕಿ ಶೇ. 22.7 ಮಂದಿಯೂ ಮೃತಪಟ್ಟಿದ್ದರು.

ಈ ಅಂಕಿಗಳು ಕಹಿಯಾದರೂ ಬಹಳ ಸ್ಪಷ್ಟವಾಗಿವೆ. ಕೋಶವು ತನ್ನ ಸಂಕೇತವನ್ನು ತಗ್ಗಿಸುವಾಗ ಸಮಯ, ಸ್ಥಳ ಮತ್ತು ಪ್ರಮಾಣ ಮೂರನ್ನೂ ನೋಡಿಕೊಂಡು ತಗ್ಗಿಸುತ್ತದೆ. ಹೊರಗಿನಿಂದ ಕೊಟ್ಟ ಔಷಧವು ಇಡೀ ದೇಹದಲ್ಲಿ, ವಾರಗಟ್ಟಲೆ, ಬೇಕಾದದ್ದನ್ನೂ ಬೇಡವಾದದ್ದನ್ನೂ ಒಟ್ಟಿಗೇ ನಿಲ್ಲಿಸುತ್ತದೆ.

ಟಿ.ಎನ್.ಎಫ್. ಮತ್ತು ಇಂಟರ್‌ಲ್ಯೂಕಿನ್-6 ಸಂದೇಶಗಳು ಸೋಂಕಿನ ವಿರುದ್ಧ ಮಾತ್ರವಲ್ಲದೆ ಯಕೃತ್ತು ಮತ್ತೆ ಬೆಳೆಯುವುದಕ್ಕೂ ಅಗತ್ಯವಾಗಿವೆ. ಇಂಟರ್‌ಲ್ಯೂಕಿನ್-6 ಇಲ್ಲದ ಸುಂಡಿಲಿಗಳಲ್ಲಿ ಯಕೃತ್ತಿನ ಭಾಗವನ್ನು ಕತ್ತರಿಸಿ ತೆಗೆದ ನಂತರ ಪುನರ್ಬೆಳವಣಿಗೆಯು ಕುಂಠಿತವಾದುದನ್ನು 1996ರಲ್ಲಿಯೂ, ಟಿ.ಎನ್.ಎಫ್. ಗ್ರಾಹಕವೊಂದು ಇಲ್ಲದ ಸುಂಡಿಲಿಗಳಲ್ಲಿ ಅದೇ ಫಲಿತಾಂಶವನ್ನು 1997ರಲ್ಲಿಯೂ ವರದಿ ಮಾಡಲಾಗಿದೆ. ಪ್ಯಾರಾಸಿಟಮಾಲ್ ಮಾತ್ರೆಯ ಅತಿ ಸೇವನೆಯಿಂದಾಗುವ ಹಾನಿಯಲ್ಲಿಯೂ ಇಂಥದೇ ತೊಡಕು ಎದುರಾಯಿತು. ಗ್ಯಾಡೊಲಿನಿಯಂ ಬಳಸಿದ ಹಿಂದಿನ ಪ್ರಯೋಗಗಳು ಕುಪ್ಫರ್ ಕೋಶಗಳನ್ನೇ ದೂಷಿಸಿದ್ದವು. ಆದರೆ ಸದರಿ ಕೋಶಗಳನ್ನು ಬೇರೊಂದು ವಿಧಾನದಿಂದ ಹೆಚ್ಚು ಪೂರ್ಣವಾಗಿ ತೆಗೆದುಹಾಕಿದ 2002ರ ಪ್ರಯೋಗದಲ್ಲಿ ಸುಂಡಿಲಿಗಳ ಯಕೃತ್ತಿನ ಹಾನಿಯು ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ.

ಫೈಬ್ರೋಸಿಸ್‌ನಲ್ಲಿಯೂ ಎರಡು ಮುಖಗಳಿವೆ. ಉರಿಯೂತವು ನಿಲ್ಲದೇ ಮುಂದುವರಿದಾಗ ಕುಪ್ಫರ್ ಕೋಶಗಳು ಹೊರಬಿಡುವ ಟಿ.ಜಿ.ಎಫ್. ಬೀಟಾ ಎಂಬ ಸಂದೇಶವು, ಈ ಹಿಂದೆ ಪ್ರಸ್ತಾಪಿಸಿದ ನಕ್ಷತ್ರ ಕೋಶಗಳನ್ನು ಕೆರಳಿಸುತ್ತದೆ. ಅವು ‘ಎ’ ಜೀವಸತ್ತ್ವದ ಸಂಗ್ರಹವನ್ನು ಬಿಟ್ಟು ನಾರನ್ನು ನೇಯತೊಡಗುತ್ತವೆ. ಹಾನಿಯು ನಿಂತ ನಂತರ ಆ ನಾರನ್ನು ಕರಗಿಸುವುದಕ್ಕೂ ಭಕ್ಷಕ ಕೋಶಗಳೇ ಬೇಕು. 2005ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹಾನಿ ನಡೆಯುತ್ತಿರುವಾಗ ಈ ಕೋಶಗಳನ್ನು ತೆಗೆದರೆ ನಾರು ಕಡಿಮೆಯಾಯಿತು. ಚೇತರಿಕೆಯ ಹಂತದಲ್ಲಿ ತೆಗೆದರೆ ನಾರು ಕರಗದೆ ಉಳಿಯಿತು.

ಸಾರ್ವಜನಿಕರು ಗಮನಿಸತಕ್ಕ ಅಂಶಗಳು

ರಕ್ತಪರೀಕ್ಷೆಯ ವರದಿಯಲ್ಲಿ ಕಂಡುಬರುವ ಎಸ್.ಜಿ.ಪಿ.ಟಿ. ಮತ್ತು ಎಸ್.ಜಿ.ಓ.ಟಿ. ಅಂಕಿಗಳು ಯಕೃತ್ತಿನ ಮುಖ್ಯ ಕೋಶಗಳು ಒಡೆದಾಗ ರಕ್ತಕ್ಕೆ ಸೋರುವ ಕಿಣ್ವಗಳನ್ನು ಅಳೆಯುತ್ತವೆ. ಇವುಗಳ ಪೈಕಿ ಎಸ್.ಜಿ.ಓ.ಟಿ. ಸ್ನಾಯುಗಳಿಂದಲೂ ಬರಬಹುದು. ಕುಪ್ಫರ್ ಕೋಶಗಳ ಸ್ಥಿತಿಯನ್ನಾಗಲೀ, ಮೇಲ್ಕಂಡ ತಡೆಗಳ ಸಾಮರ್ಥ್ಯವನ್ನಾಗಲೀ ಇವು ತಿಳಿಸುವುದಿಲ್ಲ. ಸಿರೋಸಿಸ್ ಆಗಿರುವವರಲ್ಲಿಯೂ ಈ ಅಂಕಿಗಳು ಸಾಮಾನ್ಯ ಮಿತಿಯಲ್ಲಿ ಇರುವ ಸಾಧ್ಯತೆ ಇರುವುದರಿಂದ ಒಂದೇ ವರದಿಯನ್ನು ಆಧರಿಸಿ ನಿಶ್ಚಿಂತರಾಗುವುದು ಸೂಕ್ತವಲ್ಲ.

ರೋಗನಿರೋಧಕ ಶಕ್ತಿಯನ್ನು ‘ಹೆಚ್ಚಿಸುತ್ತವೆ’ ಎಂದು ಪ್ರಚಾರ ಪಡೆಯುವ ಪುಡಿ, ಕಷಾಯ ಮತ್ತು ಟಾನಿಕ್‌ಗಳ ಬಗ್ಗೆ ಇಲ್ಲಿ ಒಂದು ಮಾತನ್ನು ಹೇಳಬೇಕಾಗಿದೆ. ಯಕೃತ್ತಿಗೆ ಬೇಕಾಗಿರುವುದು ಹೆಚ್ಚಳವಲ್ಲ, ಹಿಡಿತ. ಕೋವಿಡ್ ಅವಧಿಯಲ್ಲಿ ಅಮೃತಬಳ್ಳಿಯ ಸೇವನೆಯು ವ್ಯಾಪಕವಾದಾಗ, 2020ರ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗಿನ ಅವಧಿಯಲ್ಲಿ ಅದನ್ನು ಸೇವಿಸಿ ಯಕೃತ್ತಿನ ಹಾನಿಗೆ ಒಳಗಾದ ಆರು ರೋಗಿಗಳ ವಿವರವನ್ನು ಮುಂಬೈನ ವೈದ್ಯರು 2021ರಲ್ಲಿ ಪ್ರಕಟಿಸಿದರು. ದೇಶದ 13 ಕೇಂದ್ರಗಳ 43 ರೋಗಿಗಳ ವಿವರವು 2022ರಲ್ಲಿ ಪ್ರಕಟವಾಯಿತು. ಈ ಪೈಕಿ ಅನೇಕರಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಯಕೃತ್ತಿನ ಮೇಲೆ ಎರಗಿದ ಲಕ್ಷಣಗಳಿದ್ದವು. ಕೇಂದ್ರ ಆಯುಷ್ ಸಚಿವಾಲಯವು 2021ರಲ್ಲಿ ಮೊದಲಿನ ವರದಿಯನ್ನು ಒಪ್ಪದೆ, ಬಳಸಿದ ಸಸ್ಯದ ಗುರುತಿನ ಬಗ್ಗೆ ಪ್ರಶ್ನೆ ಎತ್ತಿತ್ತು. ವಿವಾದ ಏನೇ ಇರಲಿ, ಈಗಾಗಲೇ ಯಕೃತ್ತಿನ ಕಾಯಿಲೆ, ಥೈರಾಯ್ಡ್ ಅಥವಾ ಸಕ್ಕರೆ ಕಾಯಿಲೆ ಇರುವವರು ಯಾವುದೇ ಪದ್ಧತಿಯ ಔಷಧಿಯನ್ನಾಗಲೀ ವೈದ್ಯರಿಗೆ ತಿಳಿಸದೆ ತಿಂಗಳುಗಟ್ಟಲೆ ಸೇವಿಸಬಾರದು.

ಹೆಪಟೈಟಿಸ್ ‘ಬಿ’ ವೈರಾಣುವಿನಿಂದಾಗುವ ಹಾನಿಯು ಹೆಚ್ಚಾಗಿ ವೈರಾಣುವಿನಿಂದಲ್ಲದೆ, ಅದರ ವಿರುದ್ಧ ದೇಹವು ನಡೆಸುವ ಹೋರಾಟದಿಂದಲೇ ಉಂಟಾಗುತ್ತದೆ. ಇದನ್ನು ತಡೆಯಲು ನವಜಾತ ಶಿಶುವಿಗೆ 24 ಗಂಟೆಗಳೊಳಗೆ ಲಸಿಕೆ ಹಾಕಿಸತಕ್ಕದ್ದು. ಸರ್ಕಾರಿ ಆಸ್ಪತ್ರೆಗಳಲ್ಲಿ ಇದು ಉಚಿತವಾಗಿರುತ್ತದೆ. ದಿನಾಂಕ 28-07-2018ರಂದು ಆರಂಭಗೊಂಡ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಹೆಪಟೈಟಿಸ್ ‘ಬಿ’ ಮತ್ತು ‘ಸಿ’ ಪರೀಕ್ಷೆ ಹಾಗೂ ಚಿಕಿತ್ಸೆಗಳನ್ನು ಉಚಿತವಾಗಿ ಒದಗಿಸಲಾಗುತ್ತದೆ.

ಯಕೃತ್ತಿನ ಕಾಯಿಲೆಗಾಗಿ ವೈದ್ಯರನ್ನು ಕಾಣುವವರು ಮದ್ಯ, ಮಾತ್ರೆ, ಕಷಾಯ, ಬೇರು, ಪುಡಿ ಇವುಗಳಲ್ಲಿ ಯಾವುದನ್ನು ಯಾವ ತಿಂಗಳಿನಿಂದ ಯಾವ ತಿಂಗಳಿನವರೆಗೆ ಸೇವಿಸಲಾಗಿದೆ ಎಂಬುದನ್ನು ಬರೆದು ತರುವುದು ಉಪಯುಕ್ತ. ಹಾನಿಯು ಸೇವನೆಗಿಂತ ಮೊದಲೇ ಇತ್ತೇ, ನಂತರ ಆರಂಭವಾಯಿತೇ, ನಿಲ್ಲಿಸಿದ ಮೇಲೆ ಇಳಿಯಿತೇ ಎಂಬುದನ್ನು ವೈದ್ಯರು ಈ ದಿನಾಂಕಗಳಿಂದಲೇ ನಿರ್ಧರಿಸುತ್ತಾರೆ. ಹಳೆಯ ರಕ್ತಪರೀಕ್ಷೆಗಳ ಮೂಲ ವರದಿಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ, ಅರ್ಜಿಗೆ ಅವುಗಳ ನಕಲನ್ನು ಮಾತ್ರ ಲಗತ್ತಿಸಿ, ಮೂಲವನ್ನು ತಮ್ಮಲ್ಲಿಯೇ ಇರಿಸಿಕೊಳ್ಳುವುದು.